ಬೆಂಕಿಗೂ ಮೊದಲು ಬರ: ಬಂಡೀಪುರದಂಥ ಕಾಡುಗಳು ಹೊತ್ತಿ ಉರಿಯುವುದೇಕೆ?

2019ರ ಫೆಬ್ರುವರಿ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹತ್ತಿಕೊಂಡ ಬೆಂಕಿ ಹಲವು ದಿನ ಆರಲಿಲ್ಲ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. ಇಸ್ರೊ ಉಪಗ್ರಹ ಚಿತ್ರಗಳ ಪ್ರಕಾರ ಸುಟ್ಟುಹೋದ ಪ್ರದೇಶ ಸುಮಾರು 4,400 ಹೆಕ್ಟೇರ್, ಅಂದರೆ 10,900 ಎಕರೆಗೂ ಹೆಚ್ಚು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಇದೇ ಕಾಡಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು.

ಭಾರತದಲ್ಲಿ ಕಾಳ್ಗಿಚ್ಚು ತಾನಾಗಿಯೇ ಹುಟ್ಟುವುದು ತೀರಾ ಅಪರೂಪ. ಕಿಡಿ ಹಚ್ಚುವುದು ಬಹುತೇಕ ಮನುಷ್ಯರೇ. ಆದರೆ ಆ ಕಿಡಿ ಅಲ್ಲೇ ಆರಿಹೋಗುತ್ತದೆಯೋ, ಸಾವಿರಾರು ಎಕರೆ ನುಂಗುತ್ತದೆಯೋ ಎಂಬುದನ್ನು ನಿರ್ಧರಿಸುವುದು ಕಾಡು ಎಷ್ಟು ಒಣಗಿದೆ ಎಂಬ ಸಂಗತಿ.

ಹೆಚ್ಚು ಮಳೆ ಬಂದರೂ ಅಪಾಯವೇ?

ಬಂಡೀಪುರದ್ದು ಎಲೆ ಉದುರುವ ಕಾಡು. ತೇಗ, ದಿಂಡಿಗ, ಮತ್ತಿಯಂಥ ಮರಗಳು ನೀರು ಉಳಿಸಿಕೊಳ್ಳಲು ಬೇಸಿಗೆಗೆ ಮುನ್ನ ಎಲೆ ಕಳಚುತ್ತವೆ. ಫೆಬ್ರುವರಿ ಹೊತ್ತಿಗೆ ನೆಲದ ತುಂಬ ತರಗೆಲೆ, ಆಳೆತ್ತರದ ಒಣ ಹುಲ್ಲು. ಬೆಂಕಿಗೆ ಇದೇ ಉರುವಲು.

2018ರಲ್ಲಿ ಮುಂಗಾರು ಈ ಭಾಗದಲ್ಲಿ ಜೋರಾಗಿಯೇ ಸುರಿಯಿತು, ಹುಲ್ಲು ಹುಲುಸಾಗಿ ಬೆಳೆಯಿತು. ಆಮೇಲೆ ಹಿಂಗಾರು ಕೈಕೊಟ್ಟಿತು. ಬೆಳೆದದ್ದೆಲ್ಲ ಒಣಗಿ ನಿಂತಿತು. ಹಾಗಾಗಿ ಸತತ ಬರಕ್ಕಿಂತಲೂ ಒಳ್ಳೆಯ ಮಳೆಯ ಬೆನ್ನಿಗೇ ಬರುವ ಬರ ಕೆಲವೊಮ್ಮೆ ಹೆಚ್ಚು ಅಪಾಯಕಾರಿ.

ಹವಾಮಾನ ಬದಲಾವಣೆಯ ಪಾತ್ರವೇನು?

ಗಾಳಿಯ ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ, ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಅಂದರೆ ಬಿಸಿ ಗಾಳಿಗೆ ದಾಹ ಜಾಸ್ತಿ. ಮಳೆ ಪ್ರಮಾಣ ಮೊದಲಿನಷ್ಟೇ ಇದ್ದರೂ ಮಣ್ಣು, ಎಲೆ, ಹುಲ್ಲಿನಿಂದ ಅದು ಹೆಚ್ಚು ತೇವ ಹೀರಿಕೊಳ್ಳುತ್ತದೆ. ಕಾಡು ಬೇಗ ಒಣಗುತ್ತದೆ, ಬೆಂಕಿಯ ಕಾಲ ಉದ್ದವಾಗುತ್ತದೆ.

ಮರಗಳಿಗೂ ಇದು ನೇರ ಪೆಟ್ಟು. ಬೇರಿನಿಂದ ಎಲೆವರೆಗೆ ನೀರು ಸಣ್ಣ ಕೊಳವೆಗಳಲ್ಲಿ ಎಳೆದ ದಾರದಂತೆ ಏರುತ್ತದೆ. ಮಣ್ಣಿನಲ್ಲಿ ನೀರಿಲ್ಲದೆ ಎಳೆತ ಮಿತಿಮೀರಿದರೆ ಕೊಳವೆಯೊಳಗೆ ಗಾಳಿಗುಳ್ಳೆ ಸೇರಿ ಆ ದಾರ ತುಂಡಾಗುತ್ತದೆ. ಹೀಗೆ ಬಳಲಿದ ಮರ ಬೆಂಕಿಯ ಗಾಯದಿಂದ ಚೇತರಿಸಿಕೊಳ್ಳುವುದು ಕಷ್ಟ.

ಒಂದು ಬೆಂಕಿಯಿಂದ ಕಾಡು ಸಾಯುತ್ತದೆಯೇ?

ಇಲ್ಲ. ದಪ್ಪ ತೊಗಟೆಯ ದೊಡ್ಡ ಮರಗಳು ನೆಲಮಟ್ಟದ ಬೆಂಕಿಯನ್ನು ತಡೆದುಕೊಳ್ಳುತ್ತವೆ. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರುವ ಗಿಡಗಳೂ ಉಂಟು. ತೊಂದರೆ ಇರುವುದು ಬೆಂಕಿ ಪದೇ ಪದೇ ಬಿದ್ದಾಗ. ಬಂಡೀಪುರದ ಪಕ್ಕದ ಮುದುಮಲೆಯಲ್ಲಿ ಸುಮಾರು 80 ವರ್ಷಗಳ ಅವಧಿಯಲ್ಲಿ ಬೆಂಕಿ ಬೀಳುವ ಆವರ್ತನ ಮೂರು ಪಟ್ಟು ಹೆಚ್ಚಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಎರಡು ಬೆಂಕಿಗಳ ನಡುವಿನ ಅಂತರ ಕಡಿಮೆಯಾದರೆ ಸಸಿಗಳು ಮರವಾಗುವಷ್ಟರಲ್ಲೇ ಸುಡುತ್ತವೆ. ಹಳೆಯ ಮರಗಳು ಬಿದ್ದಾಗ ಅವುಗಳ ಜಾಗ ತುಂಬಲು ಮರಿ ಮರಗಳೇ ಇರುವುದಿಲ್ಲ.

ಆ ಖಾಲಿ ಜಾಗಕ್ಕೆ ನುಗ್ಗುವುದು ಲಂಟಾನ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ತಂದ ಈ ಪೊದೆ ಇಂದು ದೇಶದ ಹುಲಿ ನೆಲೆಗಳ ಶೇ 40ಕ್ಕೂ ಹೆಚ್ಚು ಭಾಗದಲ್ಲಿ ಹಬ್ಬಿದೆ ಎಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಒಣಗಿದ ಲಂಟಾನ ಏಣಿಯಂತೆ ಕೆಲಸ ಮಾಡಿ ನೆಲದ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಒಯ್ಯುತ್ತದೆ. ಜಿಂಕೆ, ಕಾಟಿ, ಆನೆ ತಿನ್ನುವ ಹುಲ್ಲನ್ನೂ ಬೆಳೆಯಗೊಡುವುದಿಲ್ಲ. ಮೇವು, ನೀರು ಸಿಗದ ಪ್ರಾಣಿಗಳು ಕಾಡಂಚಿನ ಹೊಲಗಳತ್ತ ಬರುತ್ತವೆ.

ಸೋಲಿಗರ ‘ತರಗು ಬೆಂಕಿ’

ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಿರುಸಾಗುವ ಮುಂಚೆಯೇ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದೇ ಹೆಸರು. ಉರುವಲು ಕಡಿಮೆ ಇದ್ದಾಗಲೇ ಸುಡುವುದರಿಂದ ಜ್ವಾಲೆ ಮೇಲೇರುತ್ತಿರಲಿಲ್ಲ. ಲಂಟಾನ ಮತ್ತು ನೆಲ್ಲಿ ಮರಕ್ಕೆ ಅಂಟುವ ಬಂದಣಿಕೆ ಹತೋಟಿಯಲ್ಲಿರುತ್ತಿದ್ದವು ಎನ್ನುತ್ತಾರೆ ಸೋಲಿಗರು. 1974ರಲ್ಲಿ ಅಲ್ಲಿ ವನ್ಯಜೀವಿ ಧಾಮ ಘೋಷಣೆಯಾದ ಬಳಿಕ ಈ ಪದ್ಧತಿ ನಿಂತಿತು.

ಹಾಗೆಂದು ಇಂದು ಎಲ್ಲೆಂದರಲ್ಲಿ ಬೆಂಕಿ ಇಡಲಾಗದು. ಲಂಟಾನ ದಟ್ಟವಾಗಿರುವ ಕಡೆ ಸಣ್ಣ ಬೆಂಕಿಯೂ ದೊಡ್ಡದಾಗಬಲ್ಲದು. ಮೊದಲು ಪೊದೆ ಕಿತ್ತು, ಆಮೇಲೆ ಸ್ಥಳೀಯರ ಅನುಭವ ಬಳಸಿ ಸಣ್ಣ ಪ್ರಮಾಣದಲ್ಲಿ ಪ್ರಯತ್ನಿಸುವುದಷ್ಟೇ ಸುರಕ್ಷಿತ ದಾರಿ.

ತಡೆಯುವ ದಾರಿ ಯಾವುದು?

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಪ್ರಕಾರ ದೇಶದ ಅರಣ್ಯದ ಶೇ 36ಕ್ಕೂ ಹೆಚ್ಚು ಭಾಗ ಆಗಾಗ ಬೆಂಕಿಗೆ ತುತ್ತಾಗುವ ಅಪಾಯದಲ್ಲಿದೆ. 2024ರ ಏಪ್ರಿಲ್‌ನಲ್ಲಿ ಉತ್ತರಾಖಂಡದ ನೈನಿತಾಲ್ ಬಳಿಯೂ ವಾಯುಪಡೆ ಹೆಲಿಕಾಪ್ಟರ್ ಇಳಿಸಬೇಕಾಗಿತ್ತು. ಉಪಗ್ರಹಗಳು ಬೆಂಕಿ ಗುರುತಿಸಿದ ಕೂಡಲೇ ಸಮೀಕ್ಷಾ ಸಂಸ್ಥೆ ಎಚ್ಚರಿಕೆ ಸಂದೇಶ ಕಳಿಸುತ್ತದೆ.

ಆದರೆ ಉಪಗ್ರಹ ಬೆಂಕಿ ಆರಿಸುವುದಿಲ್ಲ. ಹಸಿ ಸೊಪ್ಪು ಹಿಡಿದು ಜ್ವಾಲೆ ಬಡಿಯುವವರು ಗಾರ್ಡ್‌ಗಳು ಮತ್ತು ದಿನಗೂಲಿ ಬೆಂಕಿ ಕಾವಲುಗಾರರು. ಅವರ ನೇಮಕ, ಬೆಂಕಿ ರೇಖೆಗಳ ಕೆಲಸ, ಕಾಡಂಚಿನ ಊರುಗಳ ಜತೆಗಿನ ಮಾತುಕತೆ ಎಲ್ಲವೂ ಹಿಂಗಾರು ಮುಗಿಯುತ್ತಿದ್ದಂತೆ ಮುಗಿದಿರಬೇಕು. ಹಿಂಗಾರು ಕೈಕೊಟ್ಟ ವರ್ಷವಂತೂ ಫೆಬ್ರುವರಿವರೆಗೆ ಕಾಯುವಂತಿಲ್ಲ.