ಬಚ್ಚಲ ನೀರಿನ ಪನ್ನೀರು ಗುಲಾಬಿ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಸೀಮೆಯಲ್ಲಿ ನೀರು, ಗೊಬ್ಬರ, ಆಳು ಎಲ್ಲವೂ ಮೊದಲು ಹಿಪ್ಪುನೇರಳೆಗೆ. ಮನೆ ಮುಂದಿನ ಹೂಗಿಡಕ್ಕೆ ಸಿಗುವುದು ಬಚ್ಚಲ ನೀರು, ಮುಸುರೆ ನೀರು. ಅದರಲ್ಲೇ ಮೈತುಂಬ ಹೂ ಬಿಡುವ ಗಿಡ ಪನ್ನೀರು ಗುಲಾಬಿ. ತೋಟಗಾರರ ಬಾಯಲ್ಲಿ ಇದು ಎಡ್ವರ್ಡ್ ರೋಸ್. ಇಂಗ್ಲೆಂಡಿನ ಯಾವ ದೊರೆಗೂ ಇದಕ್ಕೂ ನಂಟಿಲ್ಲ.

ನಂಟಿರುವುದು ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪಕ್ಕೆ. ಈಗಿನ ರಿಯೂನಿಯನ್ ಆಗ ಫ್ರೆಂಚರ ಬೂರ್ಬೋಂ. ಅಲ್ಲಿಯವರು ಹೊಲದ ಸುತ್ತ ಬೇಲಿಗೆಂದು ಎರಡು ಬಗೆಯ ಗುಲಾಬಿ ನೆಡುತ್ತಿದ್ದರು. ಒಂದು ಚೀನಾದ್ದು, ಇನ್ನೊಂದು ಘಮಘಮಿಸುವ ಡಮಾಸ್ಕ್. ಪೆರಿಶೋಂ ಎಂಬಾತನ ಬೇಲಿಯಲ್ಲಿ ಎರಡನ್ನೂ ಹೋಲದ ಒಂದು ಸಸಿ ಎದ್ದಿತಂತೆ. ಕಳೆಯೆಂದು ಕಿತ್ತೆಸೆಯದೆ ಆತ ಅದನ್ನು ಉಳಿಸಿಕೊಂಡ. 1817ರಲ್ಲಿ ದ್ವೀಪಕ್ಕೆ ಬಂದ ಸಸ್ಯತಜ್ಞ ಬ್ರೆಯೋಂ ಕಣ್ಣಿಗೆ ಅದು ಬಿತ್ತು. ಬೀಜ ಪ್ಯಾರಿಸ್ಸಿಗೆ ಹೋಯಿತು. ಸ್ಥಳೀಯರು ಅದನ್ನು ‘ಎದುವಾರ್’ ಎನ್ನುತ್ತಿದ್ದರು. ಇಲ್ಲ, ಇದು ಮೊದಲೇ ಕೋಲ್ಕತ್ತದಲ್ಲಿತ್ತು ಎನ್ನುವ ಗುಲಾಬಿ ಪಂಡಿತರೂ ಇದ್ದಾರೆ. ಹಾಗಿದ್ದರೆ ಅದು ಅಲ್ಲಿಂದಲೇ ಬೆಂಗಳೂರಿಗೆ ಬಂದಿರಲೂಬಹುದು: 1819ರಲ್ಲಿ ನಮ್ಮ ಲಾಲ್‌ಬಾಗ್ ಕೂಡ ಕೋಲ್ಕತ್ತದ ಸಸ್ಯೋದ್ಯಾನದ ಮುಖ್ಯಸ್ಥ ವಾಲಿಚ್ ಉಸ್ತುವಾರಿಗೆ ಸೇರಿತ್ತು.

ಮುಂದೆ ಬಂದವು ಬೇರೆ ಜಾತಿಯವು. ಅಮೆರಿಕದ ಗ್ಲಾಡಿಯೇಟರ್ ಬೆಂಗಳೂರಿನ ಸುತ್ತ ಬಯಲಲ್ಲೇ ಬೆಳೆಯಿತು. ಆಮೇಲೆ ಪಾಲಿಹೌಸಿನ ತಾಜ್‌ಮಹಲ್, ಹಾರಕ್ಕೆ ಮಿರಾಬುಲ್. ಉದ್ದ ಕಾಂಡ ಬೇಕು, ಬಾಡಬಾರದು ಎಂದು ಆರಿಸುತ್ತ ಹೋದವರಿಗೆ ಪರಿಮಳದ ನೆನಪೇ ಆಗಲಿಲ್ಲ. ಮೂಸಿದರೆ ಕಾಗದ ಮೂಸಿದಂತೆ! ಪನ್ನೀರು ಗುಲಾಬಿಯೋ, ಬೆಳಿಗ್ಗೆ ಕಿತ್ತರೆ ಸಂಜೆಯೊಳಗೆ ಎಸಳುದುರುತ್ತದೆ. ಗುಲ್ಕಂದಕ್ಕೆ ಸರಿ, ದೂರದ ಪೇಟೆಗೆ ಒಗ್ಗದು.

ಆದರೂ ರೇಷ್ಮೆ ಸೀಮೆಯಲ್ಲಿ ಇದಕ್ಕೊಂದು ಅನುಕೂಲವಿದೆ. ಮಾರಾಟದ ಗುಲಾಬಿಗೆ ಥ್ರಿಪ್ಸ್, ಬೂದಿರೋಗ ಎಂದು ಮೇಲಿಂದ ಮೇಲೆ ಔಷಧಿ ಹೊಡೆಯಬೇಕು. ಕೀಟನಾಶಕ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಅದನ್ನು ತಿಂದ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹೂವಿನ ಹೊಲ, ಸೊಪ್ಪಿನ ಹೊಲ ಅಕ್ಕಪಕ್ಕವಿದ್ದರೆ ಬದುವಿನ ಮೇಲೆ ಜಗಳ ತಪ್ಪಿದ್ದಲ್ಲ. ಅಂಗಳದ ಪನ್ನೀರು ಗುಲಾಬಿಯ ಎಲೆಯಲ್ಲೂ ಚುಕ್ಕೆ ಬೀಳುತ್ತದೆ. ಔಷಧಿ ಕಾಣದಿದ್ದರೂ ಹೂ ಬಿಡುವುದನ್ನು ಮಾತ್ರ ಬಿಡುವುದಿಲ್ಲ.

ಕಸಿಯೂ ಬೇಡ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಮೂರು–ನಾಲ್ಕು ಗೆಣ್ಣು. ಬುಡವನ್ನು ಓರೆಯಾಗಿ ಕತ್ತರಿಸಿ, ಎರಡು ಗೆಣ್ಣು ಕೆಂಪುಮಣ್ಣಿನೊಳಗೆ ಹೋಗುವಂತೆ ಮಳೆಗಾಲದಲ್ಲಿ ನೆಟ್ಟರೆ ಮುಗಿಯಿತು. ಹಿಪ್ಪುನೇರಳೆ ಕಡ್ಡಿ ನೆಟ್ಟು ಪಳಗಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಗಾಡಿಯವನ ಹತ್ತಿರ ಕೊಂಡ ಕಸಿಗಿಡದ ಪಾಡು ಬೇರೆ. ಕಸಿಯ ಕೆಳಗಿನಿಂದ ಬಂದ ಚಿಗುರನ್ನು ಕಾಲಕಾಲಕ್ಕೆ ಚಿವುಟದಿದ್ದರೆ, ಕಾಸು ಕೊಟ್ಟು ತಂದ ಜಾತಿ ಸೊರಗಿ, ಕುಂಡದ ತುಂಬ ಬೇರುಗಿಡದ ಮುಳ್ಳುಬಳ್ಳಿ ಹಬ್ಬುತ್ತದೆ.