ದಾಂಪತ್ಯದ ಆಪ್ತತೆ ಮತ್ತು ಸಾಮಾಜಿಕ ಜಾಲತಾಣ

ಹನ್ನೆರಡನೆಯ ಶತಮಾನದ ಶರಣರು ಸಂಸಾರವನ್ನು ಸಾಧನೆಗೆ ಅಡ್ಡಿಯೆಂದು ಬಗೆದವರಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದರು. ಸತಿ ಪತಿಯನ್ನು ತಿದ್ದಿದಳು, ಪತಿ ಅದನ್ನು ಒಪ್ಪಿದನು. ಅಂಥ ಮಾತು ನಡೆಯಬೇಕಾದರೆ ಇಬ್ಬರ ಗಮನವೂ ಪರಸ್ಪರರ ಮೇಲಿರಬೇಕು.

ಇಂದು ಕಳೆದುಹೋಗುತ್ತಿರುವುದು ಆ ಗಮನವೇ. ಅನಗವಾಡಿಯಂತಹ ಘಟಪ್ರಭಾ ತೀರದ ಊರುಗಳಲ್ಲಿ ಕಬ್ಬಿಗೆ ನೀರು ಹಾಯಿಸಿ ದಣಿದು ಬಂದ ಪತಿಗೂ, ಮನೆಗೆಲಸ ಮುಗಿಸಿದ ಸತಿಗೂ ಮಾತಿಗೆ ದೊರೆಯುವುದು ರಾತ್ರಿಯ ಒಂದೆರಡು ಗಳಿಗೆ ಮಾತ್ರ. ಆ ಹೊತ್ತನ್ನೇ ರೀಲ್ಸ್ ನುಂಗುತ್ತಿದೆ. ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಒಬ್ಬರು ಮಗ್ಗದಲ್ಲಿ ಕುಳಿತರೆ ಇನ್ನೊಬ್ಬರು ಕಂಡಿಕೆ ಸುತ್ತುವರು. ಕಾಯಕವೇ ಮಾತಿಗೆ ಅವಕಾಶವಾಗಿತ್ತು. ಈಗ ಬಿಡುವಿನಲ್ಲಿ ಇಬ್ಬರ ಕೈಯಲ್ಲಿಯೂ ಬೇರೆ ಬೇರೆ ಪರದೆಗಳು.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಗಾತಿ ಮೊಬೈಲ್‌ನಲ್ಲಿ ಮುಳುಗಿ ತಮ್ಮನ್ನು ಕಡೆಗಣಿಸುವುದಾಗಿ ಶೇ. 46.3ರಷ್ಟು ಜನ ಹೇಳಿದ್ದರು. ಅದರಿಂದ ಜಗಳವಾಗಿದೆ ಎಂದವರು ಶೇ. 22.6. ನಮ್ಮ ಊರುಗಳ ಲೆಕ್ಕ ಇದಕ್ಕಿಂತ ಬೇರೆಯಿರಬಹುದು, ನೋವು ಬೇರೆಯಲ್ಲ.

ಇದಕ್ಕಿಂತ ಆಳವಾದ ಗಾಯ ಸಂಶಯದ್ದು. ವಾಟ್ಸ್ಆ್ಯಪ್‌ನಲ್ಲಿ 2014ರಿಂದ ಸಂದೇಶ ಓದಿದ ಕೂಡಲೇ ನೀಲಿ ಗುರುತು ಮೂಡುತ್ತದೆ. ಓದಿಯೂ ಏಕೆ ಉತ್ತರಿಸಲಿಲ್ಲ, ನಡುರಾತ್ರಿಯಲ್ಲಿ ಯಾರೊಡನೆ ಮಾತು ಎಂಬ ಪ್ರಶ್ನೆಗಳು ಅಲ್ಲಿಂದ ಹುಟ್ಟುತ್ತವೆ. ಈ ವಿಚಾರಣೆ ಬಹುತೇಕ ಹೆಂಡತಿಯ ಮೊಬೈಲಿಗಷ್ಟೇ ನಡೆಯುತ್ತದೆ, ಗಂಡನದಕ್ಕೆ ಬೀಗ ಇರುತ್ತದೆ! ಸತಿಪತಿಗಳನ್ನು ಸಮಾನರೆಂದು ಕಂಡ ಧರ್ಮದಲ್ಲಿ ಇದಕ್ಕೆ ಸಮರ್ಥನೆಯಿಲ್ಲ. ಮನೆಯೊಳಗಿನ ಮುನಿಸನ್ನು ಸ್ಟೇಟಸ್‌ಗೆ ಹಾಕುವುದೂ ಅಷ್ಟೇ ಹಾನಿಕರ; ಸಂಜೆಗೆ ರಾಜಿಯಾದರೂ ಬೀಗರು ಅದನ್ನು ಮರೆಯುವುದಿಲ್ಲ.

ಹಾಗೆಂದು ಮೊಬೈಲನ್ನೇ ಹಳಿಯುವುದು ಸಲ್ಲದು. ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ಪತಿ ವಿಡಿಯೋ ಕರೆಯಲ್ಲಿ ಮಗುವಿನ ಮುಖ ನೋಡುವಾಗ ಅದೇ ಸಾಧನ ಸಂಸಾರವನ್ನು ಹಿಡಿದಿಟ್ಟಿರುತ್ತದೆ. ದೂರದವರನ್ನು ಹತ್ತಿರ ತರುವ ವಸ್ತು, ಒಂದೇ ಕೋಣೆಯಲ್ಲಿರುವವರ ನಡುವೆ ಗೋಡೆಯಾದಾಗಲೇ ತೊಡಕು.

ಇಷ್ಟಲಿಂಗ ಪೂಜೆಗೆ ಕುಳಿತಾಗ ಮೊಬೈಲನ್ನು ದೇವರ ಮನೆಯ ಹೊರಗಿಡುವ ರೂಢಿ ಅನೇಕ ಭಕ್ತರಲ್ಲಿದೆ. ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಾಗಲೂ ಅದನ್ನು ಅಲ್ಲಿಯೇ ಬಿಡಲು ಅಡ್ಡಿಯೇನಿಲ್ಲ. ಮೊದಲ ಕೆಲವು ದಿನ ಆಡಲು ಮಾತೇ ಸಿಗದೆ ಇರಬಹುದು.