ಅವರೆಕಾಯಿ ಹಿಡಿದು ಫೋನಿನ ಮುಂದೆ

ಡಿಸೆಂಬರು ಬಂತೆಂದರೆ ಜಯನಗರ 4ನೇ ಬ್ಲಾಕು, ಬನಶಂಕರಿ ಕಡೆ ಅವರೆಕಾಯಿ ಗುಡ್ಡೆ ಬೀಳುತ್ತೆ. ಅಲ್ಲಿನವರಿಗೆ ಬೇಕಾದ್ದು ಸೊಗಡು. ಅದು ಇರೋದು ಕಿತ್ತ ದಿನ, ಹೆಚ್ಚೆಂದರೆ ಮಾರನೆ ದಿನ. ಮೂಟೆ ಕಟ್ಟಿ ಮಂಡಿಗೆ ಹಾಕಿ, ಅಲ್ಲಿಂದ ತಳ್ಳೋ ಗಾಡಿಗೆ ಹೋಗೋ ಹೊತ್ತಿಗೆ ಕಾಯಿ ಬೆವರಿ ಸೊಗಡು ಅರ್ಧ ಹೋಗಿರುತ್ತೆ. ನಮ್ಮ ಕೈಗೆ ಬರೋ ದುಡ್ಡೂ ಹಾಗೇ.

ನನ್ನದು ಕನಕಪುರ ತಾಲೂಕಿನಲ್ಲಿ ಎರಡೂವರೆ ಎಕರೆ ಖುಷ್ಕಿ. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ನಾಲ್ಕು ವರ್ಷದಿಂದ ಅವರೆಕಾಯನ್ನು ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಅರವತ್ತು ಮನೆಗೆ ನೇರವಾಗಿ ಕೊಡುತ್ತಿದ್ದೇನೆ. ಅಂಗಡಿ ಇಲ್ಲ, ಬೋರ್ಡು ಇಲ್ಲ. ಶನಿವಾರ ಹೊಲದಲ್ಲಿ ನಿಂತು ನಾನೇ ಮಾತಾಡಿ ವಾಟ್ಸಪ್ಪಿನಲ್ಲಿ ಕಳಿಸೋ ಒಂದು ನಿಮಿಷದ ವಿಡಿಯೊ, ಅಷ್ಟೆ. ರಾತ್ರಿಯೊಳಗೆ ಯಾರಿಗೆ ಎಷ್ಟು ಕೆಜಿ ಅಂತ ತಿಳಿಯುತ್ತೆ, ಭಾನುವಾರ ಬೆಳಗ್ಗೆ ಗೂಡ್ಸ್ ಆಟೊ ಹೊರಡುತ್ತೆ. ಏಳನೇ ಕ್ಲಾಸು ಓದಿದವನು ಹೇಗೆ ಮಾಡ್ತೀಯಪ್ಪ ಅಂತ ಕೇಳೋರು ಜಾಸ್ತಿಯಾದರು. ಅದಕ್ಕೇ ಬರೆಯುತ್ತಿದ್ದೇನೆ.

ಫೋನಿನ ಮುಂದೆ ನಿಂತಾಗ ಯಾರ ಜೊತೆ ಮಾತಾಡ್ತಿದ್ದೀವಿ ಅನ್ನೋದು ಮೊದಲು ಗೊತ್ತಿರಬೇಕು. ಅರವತ್ತು ಮನೆ ಅಂದುಕೊಂಡರೆ ಬಾಯಲ್ಲಿ ತಾನಾಗಿ 'ಆತ್ಮೀಯ ಗ್ರಾಹಕ ಬಂಧುಗಳೇ' ಅಂತ ಬರುತ್ತೆ, ಪಂಚಾಯ್ತಿ ಎಲೆಕ್ಷನ್ ಭಾಷಣದಂತೆ. ನಾನು ಒಬ್ಬರನ್ನೇ ನೆನೆಸಿಕೊಳ್ಳುತ್ತೇನೆ. ಜಯನಗರದಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ, ಒಂದೊಂದೇ ಕಾಯಿ ಒತ್ತಿ ನೋಡಿ ತಗೊಳ್ಳೋರು. 'ನೋಡಿ ಅಮ್ಮ, ಈ ವಾರದ ಕಾಯಿ ಹಿಂಗಿದೆ' ಅಂತಲೇ ಶುರು. ಅವರಿಗೆ ಹೇಳಿದ್ದು ಉಳಿದವರಿಗೂ ತಮಗೇ ಹೇಳಿದ ಹಾಗೆ ಕೇಳುತ್ತೆ.

ಮೊದಲ ಮಾತಿಗೇ ಕಾಯಿ ಕೈಯಲ್ಲಿರಬೇಕು. ನಮಸ್ಕಾರ, ನನ್ನ ಹೆಸರು, ನಮ್ಮೂರು ಅಂತ ಎಳೆಯೋ ಹೊತ್ತಿಗೆ ನೋಡೋರ ಬೆರಳು ಮುಂದಕ್ಕೆ ಸರಿಸಿರುತ್ತೆ. ಸೊಗಡಂತೂ ಫೋನಿನಲ್ಲಿ ಹೋಗೋದಿಲ್ಲ. ಅದಕ್ಕೆ ಕಾಯಿ ಉಜ್ಜಿ, ಅಂಗೈಗೆ ಅಂಟಿದ ಜಿಡ್ಡು ತೋರಿಸುತ್ತೇನೆ. ಅವರೆ ತಿಂದು ಬೆಳೆದೋರಿಗೆ ಅಷ್ಟು ಸಾಕು, ಮೂಗಿಗೆ ವಾಸನೆ ಬಂದುಬಿಡುತ್ತೆ. ಆಮೇಲೆ ಬೆಲೆ, ಬರೋ ದಿನ. ಚೀಟಿ ನೋಡಿ ಓದೋದಿಲ್ಲ. ಓದಿದರೆ ಕಣ್ಣೇ ಹೇಳಿಬಿಡುತ್ತೆ.

ಹೋದ ವರ್ಷ ಹೂವಿನ ಹೊತ್ತಿಗೆ ವಾರಗಟ್ಟಲೆ ಮೋಡ ಮುಚ್ಚಿ ಕಾಯಿಕೊರಕ ಬಿತ್ತು. ನೂರೆಂಬತ್ತು ಕೆಜಿ ಕಿತ್ತಾಗಿತ್ತು. 'ಹುಳ ಮಾತ್ರ ತೋರಿಸ್ಬೇಡಿ, ಚೆನ್ನಾಗಿರೋದು ಹಿಡ್ಕಳಿ' ಅಂದಳು ಮನೆಯವಳು. ಅವಳ ಹೆದರಿಕೆ ಸುಳ್ಳಲ್ಲ, ಸಂಕ್ರಾಂತಿ ಖರ್ಚು, ಸೊಸೈಟಿ ಕಂತು ಎರಡೂ ಅದರ ಮೇಲೇ ನಿಂತಿತ್ತು. ನಾನು ಕಾಯಿ ಸುಲಿದು ಹುಳ ಸಮೇತ ಫೋನಿಗೆ ಹಿಡಿದೆ. 'ನೋಡಿ ಅಮ್ಮ, ಹತ್ತು ಕಾಯಲ್ಲಿ ಒಂದೆರಡು ಹಿಂಗಿದೆ. ಮೋಡ ಮುಚ್ಚಿತ್ತು. ಕೆಜಿಗೆ ಹತ್ತು ರೂಪಾಯಿ ಕಮ್ಮಿ ಮಾಡಿದ್ದೀನಿ. ಬೇಡ ಅಂದ್ರೆ ಬೇಜಾರಿಲ್ಲ.' ನಲವತ್ತೊಂದು ಮನೆಯವರು ತಗೊಂಡರು. ಉಳಿದದ್ದು ಮಂಡಿಗೆ ಹೋಯ್ತು. ಬೇಡ ಅಂದ ಹತ್ತೊಂಬತ್ತರಲ್ಲಿ ಹದಿನಾರು ಮನೆ ಮುಂದಿನ ವಾರ ವಾಪಸ್ ಬಂದವು. 'ನೀವೇ ಹುಳ ತೋರಿಸಿದ್ರಲ್ಲ, ಈ ಸಲ ತೋರಿಸಿಲ್ಲ, ಹಂಗಾದ್ರೆ ಇಲ್ಲ' ಅಂದರು ಬಿಟಿಎಂನ ಒಬ್ಬರು.

ರೈತರನ್ನು ಕ್ಯಾಮೆರಾ ಮುಂದೆ ಮಾತಾಡಿಸಿದ್ದು ಹೊಸದೇನಲ್ಲ. 2006ರ ಸುಮಾರಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿದ್ದ ರಿಕಿನ್ ಗಾಂಧಿಯವರು ಗ್ರೀನ್ ಫೌಂಡೇಶನ್ ಜೊತೆ ಸೇರಿ 'ಡಿಜಿಟಲ್ ಗ್ರೀನ್' ಕೆಲಸ ಶುರು ಮಾಡಿದರು. ರೈತರ ಹೊಲದಲ್ಲೇ ಅವರ ಮಾತು ಚಿತ್ರಿಸಿ, ಹಳ್ಳಿಗಳಲ್ಲಿ ಜನ ಸೇರಿಸಿ ತೋರಿಸೋದು, ನಡುನಡುವೆ ನಿಲ್ಲಿಸಿ ಮಾತಾಡಿಸೋದು. 16 ಹಳ್ಳಿಗಳಲ್ಲಿ ಹೋಲಿಸಿ ನೋಡಿದಾಗ, ಬರೀ ಭೇಟಿ ಕೊಟ್ಟು ಹೇಳೋದಕ್ಕಿಂತ ಏಳು ಪಟ್ಟು ಹೆಚ್ಚಾಗಿ ಕೆಲವು ಪದ್ಧತಿಗಳನ್ನು ರೈತರು ಅಳವಡಿಸಿಕೊಂಡಿದ್ದರು. ನಮ್ಮಂಥೋನೇ, ನಮ್ಮ ಮಾತೇ, ನಮ್ಮಂಥ ಹೊಲ ಅಂತ ಕಂಡರೆ ನಂಬಿಕೆ ಬರುತ್ತೆ. ಪೇಟೆಯೋರಿಗೂ ಅದೇ ಲೆಕ್ಕ. ಅವರಿಗಾಗಿ ನಾಲಿಗೆ ತಿದ್ದಿಕೊಳ್ಳಬೇಕಿಲ್ಲ.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ಹಿರಿಯೂರು ತಾಲೂಕಿನ ಹೆಣ್ಣುಮಗಳೊಬ್ಬರು ಈರುಳ್ಳಿ ಕೇಳೋರಿಲ್ಲ ಅಂತ ವಿಡಿಯೊ ಮಾಡಿದ್ದು ನಿಮಗೂ ನೆನಪಿರಬಹುದು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೇ ಅವರಿಗೆ ಫೋನ್ ಮಾಡಿದ್ದರು. ಅದರಲ್ಲಿ ಹಿಂದೆ ಹಾಡಿರಲಿಲ್ಲ, ಬಣ್ಣವೂ ಇರಲಿಲ್ಲ. ನನ್ನ ಅಳಿಯ ಪ್ರತಿ ಸಲ 'ಮಾವ, ಒಂದು ಮ್ಯೂಸಿಕ್ ಹಾಕೋಣ' ಅಂತಾನೆ. ಹಾಕೋದಿಲ್ಲ.

ಇನ್ನು ಸಲಕರಣೆ. ಬೇಲಿಯಿಂದ ಒಂದು ಕವೆಗೋಲು ಕಡಿದು ಎದೆಮಟ್ಟಕ್ಕೆ ನೆಟ್ಟು, ಕವೆಯಲ್ಲಿ ಫೋನ್ ಇಟ್ಟು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ. ಬೆಳಗ್ಗೆ ಒಂಬತ್ತರೊಳಗೆ, ಇಲ್ಲಾ ಸಂಜೆ ನಾಲ್ಕೂವರೆ ಮೇಲೆ, ಸೂರ್ಯ ಮುಖದ ಮೇಲೆ ಬೀಳೋ ಹಾಗೆ ನಿಲ್ಲಿ. ಬೆನ್ನಿಗೆ ಬಿಸಿಲಿದ್ದರೆ ಮುಖ ಕಪ್ಪಾಗಿ ಕಾಣುತ್ತೆ. ಟವಲ್ ಚುಂಗಿನಲ್ಲಿ ಕ್ಯಾಮೆರಾ ಕಣ್ಣು ಒರೆಸಿ. ಪರದೆಯಲ್ಲಿ ನಮ್ಮ ಮುಖವನ್ನೇ ನೋಡಿಕೊಂಡು ಮಾತಾಡಿದರೆ ನೋಡೋರಿಗೆ ಕಣ್ಣು ತಪ್ಪಿಸಿದ ಹಾಗಿರುತ್ತೆ. ಕ್ಯಾಮೆರಾ ಕಣ್ಣಿನ ಪಕ್ಕ ಮನೆಯವಳ ಹಣೆಬೊಟ್ಟು ಅಂಟಿಸಿದ್ದೇನೆ, ಅದನ್ನೇ ನೋಡಿ ಮಾತಾಡೋದು. ಬಯಲು ಗಾಳಿ ಮಾತನ್ನೆಲ್ಲ ನುಂಗುತ್ತೆ, ಗಾಳಿಗೆ ಬೆನ್ನು ಕೊಟ್ಟರೆ ಸ್ವಲ್ಪ ವಾಸಿ. ಬಿಸಿಲು, ಗಾಳಿ ಎರಡೂ ಒಂದೇ ಕಡೆಯಿಂದ ಬಂದರೆ ಬಿಸಿಲನ್ನೇ ನೋಡಿಕೊಳ್ಳಿ, ಗಾಳಿಗೆ ಕಾಲರ್ ಮೈಕು ಇದೆ. ಅದನ್ನು ಅಂಗಿ ಒಳಗೆ ಸಿಕ್ಕಿಸಿ, ಮೇಲೊಂದು ಚೂರು ಹತ್ತಿ ಬಟ್ಟೆ ಕಟ್ಟುತ್ತೇನೆ.

ಮೈಕಿಗೆ ಕೊಟ್ಟಿದ್ದು ಮುನ್ನೂರೈವತ್ತು ರೂಪಾಯಿ. ಬೇರೆ ಖರ್ಚಿಲ್ಲ.